ಹನ್ನೆರಡನೆಯ ಟ್ಯೂಬು

ಬ್ಲೀಚ್ ಖಾಲಿಯಾದದ್ದು ಒಂದು ಸೋಮವಾರ ಬೆಳಿಗ್ಗೆ, ಸರಿಯಾಗಿ ಬೇಕಾದ ಹೊತ್ತಿಗೆ. ಅಕ್ಕ ಸಿಂಕಿನ ಕೆಳಗಿದ್ದ ಕ್ಯಾನನ್ನು ಎತ್ತಿ ಅಲ್ಲಾಡಿಸಿದಳು. ತಳದಲ್ಲಿ ಒಂದು ಹನಿಯೂ ಇರಲಿಲ್ಲ. ಸ್ಟೋರಿಗೆ ಫೋನು ಮಾಡಿದರೆ ಸ್ಟೋರಿನವನು, "ಬರುತ್ತೆ ಅಕ್ಕಾ, ದಾರೀಲಿದೆ" ಎಂದ. ಅವನ ಬಾಯಲ್ಲಿ ದಾರಿಯಲ್ಲಿದೆ ಎಂದರೆ ಇನ್ನೂ ಚೀಟಿಯನ್ನೇ ಬರೆದಿಲ್ಲ ಎಂದು ಅರ್ಥ. ಇಪ್ಪತ್ತೆರಡು ವರ್ಷದಲ್ಲಿ ಅಕ್ಕನಿಗೆ ಅಷ್ಟು ತಿಳಿದಿತ್ತು.

ಅಕ್ಕ ಆ ಕಟ್ಟಡದ ಮೂರನೆಯ ಮಹಡಿಯ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಪ್ರೊಫೆಸರರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಜಿಯಾರ್ಡಿಯಾ ಎಂಬ ಪರೋಪಜೀವಿಯನ್ನು ಸಾಕುವುದು ಅವಳ ಕೆಲಸ. ಕೆಟ್ಟ ನೀರಿನ ಜೊತೆ ಹೊಟ್ಟೆ ಸೇರಿ, ಕರುಳಿನ ಗೋಡೆಗೆ ಕಚ್ಚಿಕೊಂಡು, ಮಕ್ಕಳನ್ನು ತಿಂಗಳುಗಟ್ಟಲೆ ಭೇದಿಯಲ್ಲಿ ನರಳಿಸುವ ಒಂದೇ ಜೀವಕೋಶದ ಪ್ರಾಣಿ ಅದು. ಅದೇ ಕಟ್ಟಡದ ನೆಲಮಹಡಿಯಲ್ಲಿ ಆಸ್ಪತ್ರೆಯ ಮಕ್ಕಳ ವಿಭಾಗವಿತ್ತು. ಹಳೆಯ ಮಾತ್ರೆಗಳು ಈಚೆಗೆ ಕೆಲವು ಮಕ್ಕಳಿಗೆ ನಾಟುತ್ತಲೇ ಇರಲಿಲ್ಲ. ಲಿಫ್ಟಿಗೆ ಕಾಯುವಾಗ, ಕೈಕಾಲು ಕಡ್ಡಿಯಾದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತ ತಾಯಂದಿರನ್ನು ನೋಡಿ ಅಕ್ಕನ ಕರುಳು ಚುರ್ ಎನ್ನುತ್ತಿತ್ತು. ಆಮೇಲೆ ಮೇಲೆ ಹೋಗಿ ಅದೇ ಪೀಡೆಗೆ ಹೊತ್ತು ಹೊತ್ತಿಗೆ ಊಟ ಹಾಕಬೇಕು. "ಕಟ್ಟಿಕೊಂಡ ಗಂಡನಿಗೂ ಇಷ್ಟು ನೇಮದಿಂದ ಬಡಿಸಿಲ್ಲ ನಾನು" ಎಂದು ತಾನೇ ನಗುತ್ತಿದ್ದಳು.

ಸಾಕುವುದಕ್ಕೆ ಒಂದು ಕ್ರಮವಿತ್ತು. ಬೆರಳುದ್ದದ ಟ್ಯೂಬಿಗೆ ಕಂದು ಬಣ್ಣದ ಪೋಷಕ ದ್ರವವನ್ನು ಕಂಠಪೂರ್ತಿ ತುಂಬಿ, ಮುಚ್ಚಳ ಬಿಗಿದು, ಮೈಬಿಸಿಯಷ್ಟು ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಮಲಗಿಸಿಡಬೇಕು. ಗಟ್ಟಿಮುಟ್ಟಾದ ಜಿಯಾರ್ಡಿಯಾಗಳು ಟ್ಯೂಬಿನ ಒಳಗೋಡೆಗೆ ಅಂಟಿಕೊಳ್ಳುತ್ತವೆ. ಸತ್ತವು, ಸಾಯಲಿರುವವು ದ್ರವದಲ್ಲಿ ತೇಲುತ್ತವೆ. ಮೂರು ದಿನಕ್ಕೊಮ್ಮೆ ಆ ದ್ರವವನ್ನು, ಪ್ರಯೋಗಾಲಯದ ಮಾತಿನಲ್ಲಿ ಮೇಲಿನ ದ್ರವವನ್ನು, ಬ್ಲೀಚಿಗೆ ಚೆಲ್ಲಿ ಅದರಲ್ಲಿರುವುದನ್ನು ಕೊಂದು, ತಣ್ಣನೆಯ ಹೊಸ ದ್ರವ ತುಂಬಿ, ಟ್ಯೂಬನ್ನು ಹತ್ತು ನಿಮಿಷ ಐಸಿನಲ್ಲಿ ಹೂಳಬೇಕು. ಚಳಿಗೆ ಅಂಟಿಕೊಂಡವುಗಳ ಹಿಡಿತ ಸಡಿಲುತ್ತದೆ. ಅವುಗಳಲ್ಲಿ ನಾಲ್ಕು ಹನಿಯನ್ನು ಹೊಸ ಟ್ಯೂಬಿಗೆ ಹಾಕಿದರೆ ಸಂಸಾರ ಮುಂದುವರಿಯುತ್ತದೆ. "ತೇಲಿದ್ದನ್ನ ಚೆಲ್ಲು, ಅಂಟಿದ್ದನ್ನ ಉಳಿಸು" ಎಂದು ಅಕ್ಕ ಹೊಸದಾಗಿ ಬಂದವರಿಗೆಲ್ಲ ಮೊದಲ ದಿನವೇ ಹೇಳಿಕೊಡುತ್ತಿದ್ದಳು. ಅವಳಿಗೂ ಯಾರೋ ಹಾಗೇ ಹೇಳಿಕೊಟ್ಟಿದ್ದರು. ಅವಳ ಕೈಯಲ್ಲಿ ಒಂದು ಟ್ಯೂಬೂ ಕೆಟ್ಟದ್ದಿಲ್ಲ. ಪ್ರೊಫೆಸರರು ಬಂದ ಅತಿಥಿಗಳಿಗೆಲ್ಲ, "ಇವರ ಕೈ ಬಂಗಾರ" ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ಅಕ್ಕ ಮನೆಗೆ ಹೋಗುವಾಗ ಎರಡು ಸ್ಟಾಪು ನಡೆದೇ ಹೋಗುತ್ತಿದ್ದಳು.

ಹನ್ನೆರಡನೆಯ ಟ್ಯೂಬು ಪೆನ್ಸಿಲ್‌ಳದ್ದು. ಯಾವಾಗಲೂ ಮುಡಿಗೆ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡಿ ಅದೇ ಹೆಸರು ಪಡೆದ ಆ ಹುಡುಗಿ ನಾಲ್ಕು ವರ್ಷದಿಂದ ಅಲ್ಲೇ ಸಂಶೋಧನೆ ಮಾಡುತ್ತಿದ್ದಳು. ತನ್ನ ವಿಷಯವನ್ನು ಅವಳು ಅಕ್ಕನಿಗೆ ಮೊದಲ ವರ್ಷವೇ ಬಿಡಿಸಿ ಹೇಳಿದ್ದಳು.

"ಅಕ್ಕಾ, ಇದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ. ನಮಗೆ ಮೂಳೆ ಇದ್ದ ಹಾಗೆ. ಹೊಟ್ಟೆ ಕಡೆ ಆ ಕೊಳವೆಗಳೆಲ್ಲ ಸುರುಳಿ ಸುತ್ತಿಕೊಂಡು ಒಂದು ಬಟ್ಟಲಾಗಿವೆ. ಆ ಬಟ್ಟಲನ್ನ ಕವುಚಿಯೇ ಇದು ಕರುಳನ್ನ ಹಿಡಿಯೋದು."

"ಕೊಳವೆ ಅಂದ್ರೆ ನಮ್ಮ ಮನೆಯವರ ಕಸುಬು ಬಿಡು" ಎಂದಿದ್ದಳು ಅಕ್ಕ. ಅವಳ ಗಂಡ ಪ್ಲಂಬರು.

"ಹಾಗೇ ಅಂದುಕೊಳ್ಳಿ. ಕೊಳವೆ ಹಾಕಿದ ಮೇಲೆ ಕ್ಲಾಂಪು ಗಿಂಪು ಜೋಡಿಸ್ತಾರಲ್ಲ, ಆ ಥರ ಇಲ್ಲಿ ಕೆಲವು ಕಿಣ್ವಗಳಿವೆ. ಒಂದು ಕಿಣ್ವ ಕೊಳವೆಯ ಮೈಗೆ ಪುಟ್ಟ ಪುಟ್ಟ ಬಾಲ ಕಟ್ಟುತ್ತೆ. ಆ ಬಾಲ ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆ ಕಿಣ್ವದ ಬಾಯಿ ಮುಚ್ಚಿಸಿದ್ರೆ ಬಟ್ಟಲು ಸಡಿಲ ಆಗುತ್ತಾ ಅನ್ನೋದು ನನ್ನ ಪ್ರಶ್ನೆ. ಹಾಗಾದ್ರೆ ಪೀಡೇನ ಕೊಲ್ಲೋದೂ ಬೇಡ. ಹಿಡಿತ ತಪ್ಪಿದ್ರೆ ಸಾಕು, ಹೊಟ್ಟೆ ತಾನೇ ತೊಳೆದು ಆಚೆ ಹಾಕುತ್ತೆ."

ಆ ಮಾತು ಅಕ್ಕನ ಮನಸ್ಸಿಗೆ ಹಿಡಿಸಿತ್ತು. ಕೆಳಗೆ ನಿಂತ ತಾಯಂದಿರಿಗೆ ಒಂದು ದಿನ ಹೇಳಬಹುದಾದ ಮಾತು ಅದು.

ಆದರೆ ಕೆಲಸ ಕೈ ಹತ್ತಲಿಲ್ಲ. ಪೆನ್ಸಿಲ್ ಒಂದು ಟ್ಯೂಬಿನ ಜಿಯಾರ್ಡಿಯಾಗಳಲ್ಲಿ ಆ ಕಿಣ್ವ ತಯಾರಾಗದಂತೆ ಮಾಡಿ ಅಕ್ಕನ ಕೈಗೆ ಕೊಡುತ್ತಿದ್ದಳು. ಅಕ್ಕ ಕ್ರಮದ ಪ್ರಕಾರ ಚೆಲ್ಲಿ, ಐಸಿನಲ್ಲಿಟ್ಟು, ಹೊಸ ಟ್ಯೂಬಿಗೆ ದಾಟಿಸುತ್ತಿದ್ದಳು. ಮೂರು ದಿನ ಬಿಟ್ಟು ನೋಡಿದರೆ ಹೊಸ ಟ್ಯೂಬು ಖಾಲಿ. ಹೀಗೆ ಹನ್ನೊಂದು ಸಲ. ಆ ಕಿಣ್ವ ಇಲ್ಲದೆ ಅವು ಬದುಕುವುದೇ ಇಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ಬದುಕದಿದ್ದ ಮೇಲೆ ಬಟ್ಟಲು ಹೇಗಿದೆ ಎಂದು ನೋಡುವುದು ಎಲ್ಲಿಂದ? ಮುಂದಿನ ವಾರದ ಮಂಗಳವಾರ ಸಂಶೋಧನೆಯ ಪ್ರಗತಿ ನೋಡುವ ಸಮಿತಿಯ ಸಭೆಯಿತ್ತು. ತೋರಿಸಲು ಏನೂ ಇಲ್ಲದಿದ್ದರೆ ಅವಳ ಸಂಶೋಧನೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ ಎಂದು ಪ್ರೊಫೆಸರರು ಬಾಯಿ ಬಿಟ್ಟೇ ಹೇಳಿದ್ದರು. ಪೆನ್ಸಿಲ್ ಅಂದಿನಿಂದ ಊಟದ ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸು ಒಯ್ಯುತ್ತಿದ್ದಳು.

ಈಗ ಆ ಸೋಮವಾರ ಅಕ್ಕನ ಮುಂದೆ ಎರಡು ಟ್ಯೂಬು ಇದ್ದವು. ಒಂದು ಪೆನ್ಸಿಲ್‌ಳ ಹನ್ನೆರಡನೆಯದು, ಇನ್ನೊಂದು ಹೋಲಿಕೆಗೆ ಇಟ್ಟ ಮಾಮೂಲಿ ಜಿಯಾರ್ಡಿಯಾ. ಎರಡರ ಮೇಲಿನ ದ್ರವವನ್ನೂ ಚೆಲ್ಲಬೇಕು, ಬ್ಲೀಚ್ ಇಲ್ಲ. ಬಿಸಿ ಹಬೆಯಲ್ಲಿ ಕೊಲ್ಲೋಣ ಎಂದರೆ ಆಟೋಕ್ಲೇವ್ ರಿಪೇರಿಗೆ ಹೋಗಿ ವಾರವಾಗಿತ್ತು. ಕೊಲ್ಲದೆ ಸಿಂಕಿಗೆ ಬಿಡುವುದು ಅಕ್ಕನಿಂದ ಈ ಜನ್ಮದಲ್ಲಿ ಆಗದ ಕೆಲಸ. ಅವಳು ಗೊಣಗುತ್ತ ತುಸು ದೊಡ್ಡ ಎರಡು ಖಾಲಿ ಟ್ಯೂಬಿಗೆ ಅದನ್ನು ಸುರಿದಳು, ಕೈಯ ಅಭ್ಯಾಸಕ್ಕೆ ಕಂಠದವರೆಗೆ ಹೊಸ ದ್ರವವನ್ನೂ ತುಂಬಿದಳು, ಮುಚ್ಚಳ ಬಿಗಿದಳು, "ಚೆಲ್ಲುವುದಕ್ಕೆ" ಎಂದು ಬರೆದ ಪಟ್ಟಿ ಅಂಟಿಸಿ ಬೆಚ್ಚನೆಯ ಪೆಟ್ಟಿಗೆಯ ಮೂಲೆಯಲ್ಲೇ ಇಟ್ಟಳು. ಜೀವ ಇರಬಹುದಾದದ್ದನ್ನು ಆ ಪೆಟ್ಟಿಗೆ ಬಿಟ್ಟು ಬೇರೆಲ್ಲೂ ಇಡುವ ಹಾಗಿರಲಿಲ್ಲ.

ಬ್ಲೀಚ್ ಬಂದದ್ದು ಗುರುವಾರ ಮಧ್ಯಾಹ್ನ. ಸ್ಟೋರಿನವನು ತಾನೇ ಹೊತ್ತು ತಂದು, "ನೋಡಿ, ಹೇಳಿದ ಹಾಗೆ ಬಂತು" ಎಂದು ಹಲ್ಲು ಕಿರಿದ. ಅವನನ್ನು ಸಾಗಹಾಕಿ ಅಕ್ಕ ಆ ಎರಡು ಟ್ಯೂಬುಗಳನ್ನು ಹೊರಗೆ ತೆಗೆದಳು. ಮಾಮೂಲಿಯದರಲ್ಲಿ ದ್ರವ ತಿಳಿಯಾಗಿ, ತಳದಲ್ಲಿ ಸತ್ತವುಗಳ ಗಸಿ ಕೂತಿತ್ತು. ಹನ್ನೆರಡನೆಯದು ಹಾಗಿರಲಿಲ್ಲ. ಅದರ ತುಂಬ ಮಬ್ಬು. ಸೋಮವಾರಕ್ಕಿಂತ ಹೆಚ್ಚಾಗಿತ್ತು.

ಬ್ಲೀಚಿನ ಮುಚ್ಚಳ ತೆಗೆದವಳು ಹಾಗೇ ನಿಂತಳು. ಸತ್ತದ್ದು ಮೂರು ದಿನದಲ್ಲಿ ತಳ ಸೇರಬೇಕು. ಹೆಚ್ಚಾಗುವುದೆಂದರೇನು? ಟ್ಯೂಬನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಹಚ್ಚಿದಳು.

ನೂರಾರು ಇದ್ದವು. ಎರಡು ಕಣ್ಣಿನಂತೆ ಕಾಣುವ ಎರಡು ಕೋಶಕೇಂದ್ರ ಹೊತ್ತ ಅದೇ ಹನಿಯಾಕಾರದ ಮೈಗಳು, ಮರದಿಂದ ಉದುರುವ ಎಲೆಯ ಹಾಗೆ ಮಗುಚುತ್ತ ಈಜುತ್ತಿದ್ದವು. ಗೋಡೆಗೆ ಬಂದು ಮುಟ್ಟುತ್ತವೆ, ಹಿಡಿಯಲು ನೋಡುತ್ತವೆ, ಜಾರುತ್ತವೆ, ಮತ್ತೆ ಈಜುತ್ತವೆ. ಒಂದು ಅವಳ ಕಣ್ಣೆದುರೇ ಎರಡಾಯಿತು.

ಕಿಣ್ವ ಇಲ್ಲದೆಯೂ ಅವು ಬದುಕಿದ್ದವು. ಅವಕ್ಕೆ ಹಿಡಿದುಕೊಳ್ಳಲು ಬರುತ್ತಿರಲಿಲ್ಲ, ಅಷ್ಟೆ. ಪೆನ್ಸಿಲ್ ನಾಲ್ಕು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದು ಇದನ್ನೇ. ಅದನ್ನು ಹನ್ನೊಂದು ಸಲ, ಬಂಗಾರದ ಕೈಯಲ್ಲಿ, ಬ್ಲೀಚಿಗೆ ಸುರಿದವಳು ತಾನೇ.

ಅಕ್ಕ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಒಂದು ಮುಚ್ಚಳ ಬ್ಲೀಚ್ ಹಾಕಿದರೆ ಇದೂ ಹನ್ನೆರಡನೆಯ ಸಾವಾಗಿ ಮುಗಿಯುತ್ತಿತ್ತು, ಅವಳ ಹೆಸರು ಹೆಸರಾಗಿಯೇ ಉಳಿಯುತ್ತಿತ್ತು. ಆ ಯೋಚನೆ ಬಂದದ್ದು ನಿಜ, ಬರಲಿಲ್ಲ ಎಂದರೆ ಸುಳ್ಳಾದೀತು. ಅವಳು ಬ್ಲೀಚಿನ ಮುಚ್ಚಳ ಮುಚ್ಚಿ, ಟ್ಯೂಬನ್ನು ಪೆಟ್ಟಿಗೆಯಲ್ಲಿ ಇನ್ನೂ ಹಿಂದಕ್ಕೆ ತಳ್ಳಿ, ಯಾರಿಗೂ ತುಟಿ ಪಿಟಕ್ಕೆನ್ನದೆ ಮನೆಗೆ ಹೋದಳು.

ಸಂಜೆ ಅನ್ನದ ತಟ್ಟೆಯ ಮುಂದೆ ಕೂತು ಕೈ ಆಡಿಸುತ್ತಿದ್ದವಳನ್ನು ಅತ್ತೆ ನೋಡಿದರು. ಅವರ ಕಣ್ಣಿಗೆ ಪೊರೆ ಬಂದಿದ್ದರೂ ಸೊಸೆಯ ಮುಖ ಓದುವುದಕ್ಕೆ ಅದು ಅಡ್ಡ ಬರುತ್ತಿರಲಿಲ್ಲ.

"ಏನಾಯ್ತೇ? ಹುಳಗಳಿಗೆ ಜ್ವರವಾ?"

"ಹುಳ ಚೆನ್ನಾಗೇ ಇವೆ ಅತ್ತೆ. ಅದೇ ಕಷ್ಟ." ಅಕ್ಕ ಇದ್ದದ್ದನ್ನೆಲ್ಲ ಹೇಳಿದಳು.

ಗಂಡ ತಲೆ ಕೆರೆದುಕೊಂಡ. "ಯಾರೂ ನೋಡಿಲ್ಲ ತಾನೆ? ಹಾಗಾದ್ರೆ ತಲೆ ಯಾಕೆ ಕೆಡಿಸ್ಕೋತೀಯ? ಆ ಟ್ಯೂಬ್ ಹುಡುಗಿ ಕೈಗೆ ಕೊಟ್ಟು, ಈ ಸಲ ಬದುಕಿದೆ ನೋಡಮ್ಮಾ ಅನ್ನು. ಅವಳಿಗೂ ಖುಷಿ, ನಿನಗೂ ಮರ್ಯಾದೆ. ನಾನು ಎಷ್ಟು ಮನೇಲಿ ನಲ್ಲಿ ತಿರುಗಾಮುರುಗಾ ಕೂರಿಸಿ, ಆಮೇಲೆ ಸದ್ದಿಲ್ಲದೆ ಸರಿ ಮಾಡಿ ಬಂದಿಲ್ಲ!"

"ಎಷ್ಟು ಮನೇಲಿ?" ಎಂದರು ಅತ್ತೆ.

"ಅದು ಬಿಡಮ್ಮ ಈಗ."

ಅಕ್ಕನಿಗೆ ನಗು ಬಂತು, ಜೊತೆಗೆ ಗಂಡ ಹೇಳಿದ ದಾರಿ ಆಸೆಯನ್ನೂ ಹುಟ್ಟಿಸಿತು. ತಟ್ಟೆ ತೊಳೆಯುತ್ತ ಅದನ್ನೇ ಯೋಚಿಸಿದಳು. ಟ್ಯೂಬು ಕೊಟ್ಟರೆ ಪೆನ್ಸಿಲ್ ಕುಣಿದಾಡುತ್ತಾಳೆ. ಮಂಗಳವಾರ ಸಮಿತಿಯವರು ಕೇಳುತ್ತಾರೆ: ಹನ್ನೊಂದು ಸಲ ಸತ್ತದ್ದು ಹನ್ನೆರಡನೆಯ ಸಲ ಹೇಗಮ್ಮ ಬದುಕಿತು? ಅವಳು ಏನು ಹೇಳಿಯಾಳು? ಎಲ್ಲೋ ಬೆರಕೆಯಾಗಿದೆ, ಕಿಣ್ವ ಪೂರ್ತಿ ನಿಂತಿಲ್ಲ ಎಂದು ಮೂಗು ಮುರಿಯುತ್ತಾರೆ. ಆ ಹನ್ನೊಂದೂ ಬದುಕಿದ್ದವು ಎಂದು ಹೇಳಬಲ್ಲವರು ಭೂಮಿಯ ಮೇಲೆ ಒಬ್ಬರೇ. ಚೆಲ್ಲಿದವರು.

"ಹೇಳಿಬಿಡು" ಎಂದರು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು. "ನಿನ್ನ ಸ್ವಭಾವಕ್ಕೆ ಇದನ್ನ ಹೊಟ್ಟೇಲಿಟ್ಟುಕೊಂಡ್ರೆ ಅನ್ನ ಸೇರಲ್ಲ. ಬೈತಾರೆ, ಬೈಯಲಿ."

ಶುಕ್ರವಾರ ಬೆಳಿಗ್ಗೆ ಅಕ್ಕ ಪೆನ್ಸಿಲ್‌ಳ ಕೈ ಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. "ಮೊದಲು ನೋಡು. ಆಮೇಲೆ ನಾನು ಹೇಳೋದು ಕೇಳು. ಆಮೇಲೆ ಏನು ಬೇಕಾದ್ರೂ ಅನ್ನು."

ಪೆನ್ಸಿಲ್ ನೋಡಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಅವಳ ಮುಖದಲ್ಲಿ ಅಕ್ಕ ಎಂದೂ ನೋಡಿರದ ಬೆಳಕಿತ್ತು. "ಎಲ್ಲಿತ್ತು ಇದು?"

"ನಾನು ಚೆಲ್ಲೋ ನೀರಿನಲ್ಲಿ."

ಆ ಬೆಳಕು ನೋಡುತ್ತ ನೋಡುತ್ತ ಆರಿತು. ಹುಡುಗಿ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು, ಮಡಿಸುವುದು ನಿಲ್ಲಿಸಿದಳು. "ಹನ್ನೊಂದು ಸಲ, ಅಕ್ಕಾ. ಹನ್ನೊಂದು ಸಲವೂ?"

"ಹ್ಞೂಂ."

"ನಾನು ಕಿಣ್ವದ್ದೇ ತಪ್ಪು ಅಂದುಕೊಂಡೆ. ಆಮೇಲೆ ನನ್ನದೇ ತಪ್ಪು ಅಂದುಕೊಂಡೆ. ನನಗೆ ಈ ಕೆಲಸಕ್ಕೆ ಬೇಕಾದ ಬುದ್ಧಿಯೇ ಇಲ್ಲ ಅಂತ ಅಮ್ಮನಿಗೆ ಹೇಳಿ ಅತ್ತಿದ್ದೀನಿ, ಗೊತ್ತಾ ನಿಮಗೆ?" ಎದ್ದು ಹೊರಗೆ ಹೋದವಳು ಬಾಗಿಲನ್ನು ಸರಿಯಾಗಿಯೇ ಬಡಿದಳು. ಅಕ್ಕ ಆ ಸ್ಟೂಲಿನ ಮೇಲೆ ತಾನೇ ಕೂತು ಅತ್ತಳು. ಅಳು ಮುಗಿದ ಮೇಲೆ, ಬೇರೆ ದಾರಿ ಇಲ್ಲದೆ, ಉಳಿದ ಟ್ಯೂಬುಗಳಿಗೆ ಊಟ ಹಾಕಲು ಎದ್ದಳು.

ಮಧ್ಯಾಹ್ನ ಪೆನ್ಸಿಲ್ ವಾಪಸು ಬಂದಳು. ಕಣ್ಣು ಕೆಂಪಗಿತ್ತು, ಕೈಯಲ್ಲಿ ಎರಡು ಲೋಟ ಕಾಫಿ ಇತ್ತು. ಒಂದನ್ನು ಅಕ್ಕನ ಮುಂದೆ ಇಟ್ಟಳು. "ನಾನೂ ಒಂದು ಸಲನಾದ್ರೂ ಆ ನೀರನ್ನ ನೋಡಬಹುದಿತ್ತು. ಪ್ರೊಫೆಸರ್ ನೋಡಬಹುದಿತ್ತು. ಯಾರೂ ನೋಡಲಿಲ್ಲ. ಈಗ ಹೇಳಿ ಅಕ್ಕಾ, ಚೆಲ್ಲೋವಾಗ ಏನಾದ್ರೂ ಬರೆದಿಟ್ಟುಕೊಂಡಿದ್ದೀರಾ?"

ಅಕ್ಕ ಬೀರುವಿನಿಂದ ತನ್ನ ದಿನಚರಿ ಪುಸ್ತಕಗಳನ್ನು ತೆಗೆದಳು. ಚೆಲ್ಲುವ ಮುಂಚೆ ಟ್ಯೂಬನ್ನು ಬೆಳಕಿಗೆ ಹಿಡಿದು ಕಂಡದ್ದನ್ನು ಬರೆಯುವುದು ಅವಳ ರೂಢಿ. ತಾರೀಖು, ಟ್ಯೂಬಿನ ಸಂಖ್ಯೆ, ದ್ರವದ ಬಣ್ಣ. ಯಾರೂ ಅದನ್ನು ಓದುತ್ತಿರಲಿಲ್ಲ, ಅವಳೂ ಬರೆದು ಮುಚ್ಚಿಡುತ್ತಿದ್ದಳು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಹುಡುಕಿದರು. ಮೊದಲನೆಯ ಟ್ಯೂಬು: ಮಬ್ಬು. ಅದೇ ದಿನದ ಮಾಮೂಲಿ ಟ್ಯೂಬು: ತಿಳಿ. ಎರಡನೆಯದು: ಮಬ್ಬು. ಮಾಮೂಲಿ: ತಿಳಿ. ಹನ್ನೊಂದಕ್ಕೆ ಹನ್ನೊಂದೂ ಹಾಗೇ ಇದ್ದವು, ಅಕ್ಕನ ಗುಂಡಗಿನ ಅಕ್ಷರದಲ್ಲಿ. ಸತ್ತವುಗಳ ಮಬ್ಬು ಎಂದುಕೊಂಡು ಬರೆದಿದ್ದಳು. ಪೆನ್ಸಿಲ್ ಪುಸ್ತಕವನ್ನು ಎದೆಗೆ ಅವುಚಿಕೊಂಡು, "ಅಕ್ಕಾ, ನಿಮ್ಮನ್ನ ಹೊಡೀಬೇಕೋ ಮುದ್ದು ಮಾಡಬೇಕೋ ಗೊತ್ತಾಗ್ತಿಲ್ಲ" ಎಂದಳು.

"ಎರಡೂ ಮಾಡು. ಮೊದಲು ಊಟ ಮಾಡು."

ಶನಿವಾರ, ಭಾನುವಾರ ಇಬ್ಬರೂ ಬಿಡುವು ತೆಗೆದುಕೊಳ್ಳಲಿಲ್ಲ. ತೇಲುತ್ತಿದ್ದವುಗಳನ್ನು ಹಿಡಿದು, ಒಳಗಿನ ಕೊಳವೆಗಳು ಹಸಿರಾಗಿ ಹೊಳೆಯುವಂತೆ ಬಣ್ಣ ಹಾಕಿ ಚಿತ್ರ ತೆಗೆದರು. ಮಾಮೂಲಿ ಜಿಯಾರ್ಡಿಯಾದ ಬಟ್ಟಲು ದುಂಡಗೆ, ಬಿಗಿಯಾಗಿ ಕಂಡಿತು. ಹನ್ನೆರಡನೆಯ ಟ್ಯೂಬಿನವುಗಳ ಬಟ್ಟಲು ಒಂದು ಬದಿಯಲ್ಲಿ ಬಾಯಿ ಬಿಟ್ಟುಕೊಂಡು ಚಪ್ಪಟೆಯಾಗಿತ್ತು. ಪ್ರೊಫೆಸರರು ಭಾನುವಾರ ಚಪ್ಪಲಿಯಲ್ಲೇ ಓಡಿ ಬಂದು ನೋಡಿದರು. ಅಕ್ಕ ಅವರಿಗೂ ತಪ್ಪೊಪ್ಪಿಕೊಂಡಳು. ಅವರು ಕನ್ನಡಕ ತೆಗೆದು ಒರೆಸುತ್ತ, "ಚೆಲ್ಲು ಅಂತ ನಿಮಗೆ ಹೇಳಿಕೊಟ್ಟವನು ನಾನೇ ಅಕ್ಕಾ" ಎಂದರು. ಅದು ಅವಳಿಗೆ ನೆನಪೇ ಇರಲಿಲ್ಲ.

ಮಂಗಳವಾರದ ಸಭೆಗೆ ಟೆಕ್ನಿಷಿಯನ್ನರನ್ನು ಕರೆಯುವ ಪದ್ಧತಿ ಇರಲಿಲ್ಲ. ಅಕ್ಕ ಪಕ್ಕದ ಕೋಣೆಯಲ್ಲಿ ಗಾಜಿನ ಸಾಮಾನು ತೊಳೆಯುವ ನೆವ ಮಾಡಿಕೊಂಡು ಕಿವಿಯನ್ನೆಲ್ಲ ಆ ಬಾಗಿಲಿಗೆ ಕೊಟ್ಟಿದ್ದಳು. ಪೆನ್ಸಿಲ್ ಮಾತಾಡುತ್ತಿದ್ದಳು, ಆಮೇಲೆ ಒಂದು ಗಡಸು ದನಿ. ಹೊರಗಿನ ಸಂಸ್ಥೆಯಿಂದ ಬಂದ ಪರೀಕ್ಷಕರದು. ಅವರೂ ಇದೇ ಪೀಡೆಯ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದವರು, ಯಾರಿಗೂ ಸುಲಭಕ್ಕೆ ತಲೆದೂಗುವವರಲ್ಲ.

"ಚಿತ್ರ ಚೆನ್ನಾಗಿದೆಯಮ್ಮ. ಆದರೆ ಹನ್ನೊಂದು ಸಲ ಸತ್ತಿವೆ, ಒಂದು ಸಲ ಬದುಕಿವೆ. ನಾನು ಯಾವುದನ್ನ ನಂಬಲಿ?"

ಉತ್ತರ ಕೇಳಿಸಲಿಲ್ಲ. ಪುಸ್ತಕದ ವಿಷಯ ಹೇಳಿದರೆ ಅಕ್ಕನ ಹೆಸರು ಹೊರಬೀಳುತ್ತದೆಂದು ಹುಡುಗಿ ಹಿಂದೆ ಮುಂದೆ ನೋಡುತ್ತಿದ್ದಾಳೆ! ಅಕ್ಕನಿಗೆ ಅದು ಗೊತ್ತಾದ ತಕ್ಷಣ ಕೈಗವಸು ಕಳಚುವಷ್ಟೂ ತಾಳ್ಮೆ ಉಳಿಯಲಿಲ್ಲ. ಒದ್ದೆ ಕೈಗವಸಿನಲ್ಲೇ, ಪಕ್ಕದಲ್ಲಿ ತಂದಿಟ್ಟುಕೊಂಡಿದ್ದ ದಿನಚರಿಗಳನ್ನು ಎತ್ತಿಕೊಂಡು ಬಾಗಿಲು ತಳ್ಳಿ ಒಳಗೆ ಹೋದಳು.

"ಅವು ಸತ್ತಿರಲಿಲ್ಲ ಸರ್" ಎಂದಳು. "ನಾನೇ ಚೆಲ್ಲಿದ್ದು. ಹನ್ನೊಂದು ಸಲವೂ ಬದುಕಿದ್ದವನ್ನೇ ಚೆಲ್ಲಿದ್ದೀನಿ. ಚೆಲ್ಲೋವಾಗ ಹೇಗಿದ್ದವು ಅಂತ ಇದರಲ್ಲಿದೆ, ತಾರೀಖು ಸಮೇತ. ಈ ಹುಡುಗಿ ಕೈಯಲ್ಲಿ ಏನೂ ತಪ್ಪಿಲ್ಲ."

ಪರೀಕ್ಷಕರು ಪುಸ್ತಕ ತೆಗೆದುಕೊಂಡರು. ಒಂದೊಂದೇ ಪುಟ ತಿರುವಿದರು. ಅಕ್ಕನ ಕೈಗವಸಿನಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಹನಿಯಾಯಿತು. ಇನ್ನು ಬೈಗುಳ ಬರುತ್ತದೆ ಎಂದು ಅವಳು ಹಲ್ಲು ಕಚ್ಚಿಕೊಂಡಳು.

"ಮೇಲಿನ ದ್ರವ" ಎಂದರು ಅವರು ನಿಧಾನಕ್ಕೆ, ತಮಗೆ ತಾವೇ ಹೇಳಿಕೊಳ್ಳುವಂತೆ. "ನಾವೂ ಚೆಲ್ತೀವಿ. ಶುರು ಮಾಡಿದ ದಿನದಿಂದ ಚೆಲ್ತಾ ಇದ್ದೀವಿ." ಅವರ ಮುಖದ ಗಡಸು ಎಲ್ಲಿ ಹೋಯಿತೋ. "ನಮ್ಮಲ್ಲೂ ಎರಡು ವರ್ಷದಿಂದ ಒಂದು ಕಿಣ್ವ ಹೀಗೇ ಆಟ ಆಡಿಸ್ತಿದೆ. ಅದನ್ನ ನಿಲ್ಲಿಸಿದ್ರೆ ಪ್ರತಿ ಸಲ ಟ್ಯೂಬ್ ಸಾಯುತ್ತೆ."

ಅವರು ಜೇಬಿನಿಂದ ಫೋನು ತೆಗೆದು, ಸಭೆಯ ಅಪ್ಪಣೆಯನ್ನೂ ಕೇಳದೆ, ತಮ್ಮ ಪ್ರಯೋಗಾಲಯಕ್ಕೆ ಕರೆ ಮಾಡಿದರು. "ನಾನು. ಇವತ್ತು ಟ್ಯೂಬ್ ದಾಟಿಸೋ ದಿನ ಅಲ್ವಾ? ಮೇಲಿನದು ಏನೂ ಚೆಲ್ಲಬೇಡಿ. ಯಾವುದನ್ನೂ ಚೆಲ್ಲಬೇಡಿ, ನಾನು ಬರೋವರೆಗೂ ಹಾಗೇ ಇಡಿ."

ಆ ಕಡೆಯಿಂದ ಒಬ್ಬ ಹೆಂಗಸಿನ ದನಿ, ಅಳುಕಿನಿಂದ, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಬಂತು. "ಅಯ್ಯೋ ಸರ್, ಈಗ ತಾನೇ ಚೆಲ್ಲಿದೆ."

ಪರೀಕ್ಷಕರ ಬಾಯಿ ಏನೋ ಹೇಳಲು ತೆರೆಯಿತು. ಅಕ್ಕ ಮುಂದೆ ಬಂದು, ಅಷ್ಟು ದೊಡ್ಡ ಮನುಷ್ಯರ ತೋಳನ್ನು ಒದ್ದೆ ಕೈಗವಸಿನಲ್ಲೇ ಹಿಡಿದಳು.

"ಅವರನ್ನ ಬೈಬೇಡಿ ಸರ್" ಎಂದಳು. "ಮಬ್ಬಾಗಿತ್ತಾ, ತಿಳಿಯಾಗಿತ್ತಾ, ಅದನ್ನ ಕೇಳಿ."